ಬಣ್ಣದಡಿಯ ಚರಿತ್ರೆ: ಕಿನ್ನಾಳದ ಗರುಡ ಮತ್ತು ಕಡಲ ಯುದ್ಧವಿಮಾನ

ಕಿನ್ನಾಳದ ಮರದ ಗರುಡ ಒಂದೇ ದಿಮ್ಮಿಯಲ್ಲಿ ಕಡೆದ ಗೊಂಬೆಯಲ್ಲ. ಅದು ಹನ್ನೆರಡು ಭಾಗಗಳ ಜೋಡಣೆ. ಪೀಠದ ಮೇಲೆ ಕುಳಿತ ಗಣಪತಿಗಾದರೆ ಇಪ್ಪತ್ತೆರಡು ಭಾಗಗಳು ಬೇಕು. ಬಿಡಿಬಿಡಿಯಾಗಿ ಕೆತ್ತಿದ ಹಗುರ ಮರದ ತುಂಡುಗಳನ್ನು ಹೊಂದಿಸಿ, ಸಂದು ಮುಚ್ಚಿ, ಮೈ ನಯಮಾಡಿ, ಕಟ್ಟಕಡೆಗೆ ಬಣ್ಣ ಹಚ್ಚುತ್ತಾರೆ.

ದೊಡ್ಡ ಊರುಗಳ ಅಂಗಡಿಗಳಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಸಿಗುವ ಪ್ಲಾಸ್ಟಿಕ್ ಯುದ್ಧವಿಮಾನದ ಮಾದರಿಯೂ ಹುಟ್ಟುವುದು ಹೀಗೆಯೇ. ರೆಕ್ಕೆ, ಬಾಲ, ಚಕ್ರ, ಚಾಲಕನ ಆಸನ ಎಲ್ಲವೂ ಬೇರೆ ಬೇರೆ. ಅವನ್ನು ಅಂಟಿಸಿ, ಸಂದು ತುಂಬಿ, ಉಜ್ಜಿ, ಆಮೇಲೆ ಬಣ್ಣ ಹಚ್ಚಬೇಕು. ಎರಡೂ ಕಡೆ ಕೊನೆಗೆ ಬರುವುದು ಬಣ್ಣ; ನೋಡುವವರ ಕಣ್ಣಿಗೆ ಮೊದಲು ಬೀಳುವುದೂ ಬಣ್ಣವೇ.

ಆದರೆ ಯಾವ ಬಣ್ಣ? ಕಿನ್ನಾಳದ ಚಿತ್ರಗಾರನಿಗೆ ಇದು ಪ್ರಶ್ನೆಯೇ ಅಲ್ಲ. ಯಾವುದರ ಮೇಲೆ ಯಾವುದನ್ನು ಹಚ್ಚಬೇಕೆಂಬುದನ್ನು ಅವನು ಅಪ್ಪನ ಪಕ್ಕದಲ್ಲಿ ಕುಳಿತು ಕಲಿತಿದ್ದಾನೆ. ವಿಮಾನದ ಮಾದರಿ ಮಾಡುವವನಿಗೆ ಆ ಭಾಗ್ಯವಿಲ್ಲ. ಅವನು ಚರಿತ್ರೆಯನ್ನೇ ಕೆದಕಬೇಕು. 1942ರ ಏಪ್ರಿಲ್‌ನಲ್ಲಿ ಸಿಂಹಳದ ಆಕಾಶದಲ್ಲಿ ಹಾರಾಡಿದ ಜಪಾನಿನ ನೌಕಾ ಯುದ್ಧವಿಮಾನದ ಮೈಬಣ್ಣ ಯಾವುದಾಗಿತ್ತು ಎಂಬ ಚರ್ಚೆ ದಶಕಗಳ ಕಾಲ ನಡೆದಿದೆ. ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನವೊಂದರ ಬಣ್ಣ ಇಷ್ಟು ಬೇಗ ಮರೆತುಹೋದದ್ದು ಹೇಗೆ? ಉತ್ತರ ಹುಡುಕುತ್ತ ಹೋದರೆ, ಅದು ನಮ್ಮ ಕಿನ್ನಾಳಕ್ಕೂ ಒಂದು ಎಚ್ಚರಿಕೆಯ ಮಾತು ಹೇಳುತ್ತದೆ.

ಬಣ್ಣಕ್ಕೆ ಮುಂಚಿನ ಕೆಲಸ

ಕೊಪ್ಪಳದಿಂದ ಹನ್ನೆರಡು–ಹದಿಮೂರು ಕಿಲೋಮೀಟರ್ ದೂರದ ಕಿನ್ನಾಳ ಚಿತ್ರಗಾರರ ಊರೆಂದೇ ಹೆಸರಾಗಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯ ಚಿತ್ರಗಳೂ ಅಲ್ಲಿನ ಮರದ ತೇರಿನ ಕುಸುರಿ ಕೆಲಸವೂ ಈ ಕುಶಲಕರ್ಮಿಗಳ ಪೂರ್ವಜರದೇ ಎಂಬ ನಂಬಿಕೆ ಬಹು ಹಿಂದಿನಿಂದ ಬಂದಿದೆ. ಚಿತ್ರಗಾರರೊಬ್ಬರ ಮನೆಯಲ್ಲಿ ದೊರೆತ ಹಳೆಯ ಕಾಗದದ ನಕ್ಷೆಗಳು ಈ ನಂಬಿಕೆಗೆ ಬಲ ಕೊಡುತ್ತವೆ. ಈ ಕಾಗದಗಳ ವಿಚಾರಕ್ಕೆ ಮುಂದೆ ಮತ್ತೆ ಬರೋಣ.

ಕಿನ್ನಾಳದ ಕೆಲಸದಲ್ಲಿ ಬಣ್ಣಕ್ಕಿಂತ ಬಣ್ಣದ ಕೆಳಗಿನದೇ ಹೆಚ್ಚು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಯ ಅಂಟಿನೊಂದಿಗೆ ಕಲಸಿದರೆ ಸಿದ್ಧವಾಗುವುದು ‘ಕಿಟ್ಟ’. ತುಂಡುಗಳನ್ನು ಜೋಡಿಸಿದ ಮೇಲೆ ಮೈತುಂಬ ಇದನ್ನು ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಹುಣಸೆ ಅಂಟಿನಿಂದ ಹತ್ತಿ ಬಟ್ಟೆಯ ಸಣ್ಣ ತುಂಡುಗಳನ್ನು ಅಂಟಿಸುತ್ತಾರೆ. ಆ ಮೇಲೆ ಸಣ್ಣ ಕಲ್ಲು ಅರೆದ ನಯವಾದ ಪುಡಿಯನ್ನು ಗೋಂದಿನಲ್ಲಿ ಕಲಸಿ ಬಳಿಯುತ್ತಾರೆ. ಬಣ್ಣ ಕೂರುವುದು ಈ ಮೂರನೆಯ ಪದರದ ಮೇಲೆ. ಒಡವೆಗಳನ್ನು ಉಬ್ಬಾಗಿ ಮೂಡಿಸುವುದಕ್ಕೂ ಇದೇ ಕಲ್ಲುಪುಡಿಯ ಸರಿ ಬೇಕು. ‘ಲಾಜವಾರ’ ಎಂಬ ಲೋಹದ ಹೊಳಪಿನ ಲೇಪವಂತೂ ಕಿನ್ನಾಳದ್ದೇ ವಿಶೇಷ. ಕಿರೀಟ, ಆಭರಣಗಳಿಗೆ ಬೆಳ್ಳಿ–ಬಂಗಾರದ ಕಾಂತಿ ಬರುವುದು ಅದರಿಂದ.

ಇದಿಷ್ಟನ್ನೂ ಹೊರಗಿನಿಂದ ನೋಡುವವರು ಕಾಣಲಾರರು. ಅವರಿಗೆ ಕಾಣುವುದು ಕೆಂಪು, ಹಳದಿ, ಹಸಿರು ಮಾತ್ರ. ಒಳಗಿನ ಪದರಗಳು ಕೆಟ್ಟರೆ ಬಣ್ಣ ಸಿಡಿಯುತ್ತದೆ. ಒಳಗಿನ ವಿದ್ಯೆ ಮರೆತರೆ ಬಣ್ಣ ಉಳಿದೂ ಕಿನ್ನಾಳ ಉಳಿಯುವುದಿಲ್ಲ. ಯುದ್ಧವಿಮಾನದ ಕಥೆಯನ್ನು ಈ ಮಾತು ನೆನಪಿನಲ್ಲಿಟ್ಟುಕೊಂಡು ನೋಡಬೇಕು.

ನಮ್ಮ ಕಡಲಿಗೆ ಬಂದ ಯುದ್ಧ

ನೌಕಾ ಯುದ್ಧವಿಮಾನವೆಂದರೆ ನೆಲದ ಓಡುದಾರಿಯ ಬದಲು ಹಡಗಿನ ಅಟ್ಟದ ಮೇಲಿಂದ ಹಾರಿ, ಮತ್ತೆ ಅದರ ಮೇಲೆಯೇ ಇಳಿಯುವ ವಿಮಾನ. ಜಾಗ ಕಡಿಮೆ, ಸುತ್ತ ಉಪ್ಪುನೀರು. ಆದ್ದರಿಂದ ಅದರ ರೆಕ್ಕೆ ಮಡಚುವಂತಿರಬೇಕು, ಮೈ ತುಕ್ಕು ಹಿಡಿಯದಂತಿರಬೇಕು.

ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಇಂಥ ವಿಮಾನಗಳಲ್ಲಿ ಎರಡು ನಮ್ಮ ದಕ್ಷಿಣದ ಕಡಲಲ್ಲಿ ಮುಖಾಮುಖಿಯಾದವು. ಒಂದು ಜಪಾನಿನ ‘ಜೀರೋ’. ಮಿತ್ಸುಬಿಷಿ ಕಂಪನಿಯ ಜಿರೋ ಹೊರಿಕೋಶಿ ಅದರ ವಿನ್ಯಾಸಕಾರ. ಅದು ಸೇವೆಗೆ ಸೇರಿದ 1940ನೆಯ ಇಸವಿ ಜಪಾನಿ ಪಂಚಾಂಗದಲ್ಲಿ 2600. ಕೊನೆಯ ಸೊನ್ನೆಯೇ ವಿಮಾನದ ಹೆಸರಾಯಿತು. ಇನ್ನೊಂದು ಬ್ರಿಟಿಷ್ ನೌಕಾಪಡೆಯ ‘ಫುಲ್ಮಾರ್’. ಫೇರಿ ಕಂಪನಿಯ ಈ ವಿಮಾನವೂ 1940ರಲ್ಲಿಯೇ ಸೇವೆಗೆ ಬಂತು. ಅಪಾರ ಕಡಲಿನ ಮೇಲೆ ದಾರಿ ತಪ್ಪದಿರಲೆಂದು ಚಾಲಕನ ಹಿಂದೆ ದಿಕ್ಕು ನೋಡಿ ಹೇಳುವ ಇನ್ನೊಬ್ಬನನ್ನು ಕೂರಿಸಿದ್ದರು. ಎಂಟು ಮಷೀನ್‌ಗನ್‌ಗಳಿದ್ದರೂ ಇಬ್ಬರ ಭಾರದಿಂದ ಅದು ನಿಧಾನವಾಗಿತ್ತು. ಜೀರೋ ಒಬ್ಬನೇ ಕೂರುವ, ರಕ್ಷಾಕವಚವನ್ನೂ ಬಿಟ್ಟು ಭಾರ ಇಳಿಸಿಕೊಂಡ, ಚುರುಕಿನ ವಿಮಾನ.

1942ರ ಏಪ್ರಿಲ್ 5, ಈಸ್ಟರ್ ಭಾನುವಾರ. ಅಕಾಗಿ, ಸೋರ್ಯು, ಹಿರ್ಯು, ಶೋಕಾಕು, ಝುಯಿಕಾಕು ಎಂಬ ಐದು ವಿಮಾನವಾಹಕ ಹಡಗುಗಳಿಂದ ಹೊರಟ ಜಪಾನಿ ವಿಮಾನಗಳು ಕೊಲಂಬೊ ಮೇಲೆ ಎರಗಿದವು. ಅವುಗಳಿಗೆ ಬೆಂಗಾವಲಾಗಿ ಬಂದದ್ದು 36 ಜೀರೋಗಳು. ತಡೆಯಲು ಹೋದ ಹರಿಕೇನ್ ಮತ್ತು ಫುಲ್ಮಾರ್‌ಗಳಲ್ಲಿ ಹಲವು ಮರಳಲಿಲ್ಲ. ಅದೇ ದಿನ ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಎಂಬ ಎರಡು ದೊಡ್ಡ ಯುದ್ಧನೌಕೆಗಳು ಮುಳುಗಿದವು. ಮಾರನೆಯ ದಿನ ನಮ್ಮ ಪೂರ್ವ ಕರಾವಳಿಯ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಏಪ್ರಿಲ್ 9ರಂದು ತ್ರಿಂಕೋಮಲಿ ಮೇಲೆ ದಾಳಿ. ತನ್ನ ವಿಮಾನಗಳನ್ನು ದಡದಲ್ಲಿಯೇ ಬಿಟ್ಟು ಹೊರಟಿದ್ದ ಹರ್ಮಿಸ್ ಎಂಬ ಬ್ರಿಟಿಷ್ ವಿಮಾನವಾಹಕ ಮುಳುಗಿತು. ಮದ್ರಾಸಿನಿಂದ ಜನ ಗುಳೆ ಎದ್ದರು.

ನಮ್ಮ ಪಾಲಿನ ವಿಮಾನಗಳು

ಕಡಲಿನಿಂದ ದೂರವಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೂ ಈ ಯುದ್ಧಕ್ಕೂ ಏನು ಸಂಬಂಧ? ಆಗ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ನಿಜಾಮರು ಬ್ರಿಟಿಷರಿಗೆ ಯುದ್ಧವಿಮಾನಗಳಿಗೆಂದು ಧಾರಾಳವಾಗಿ ಹಣ ಕೊಟ್ಟವರು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಅವರ ಕೊಡುಗೆಯ ವಿಮಾನಗಳನ್ನು ಹಾರಿಸಿದ ಬ್ರಿಟಿಷ್ ವಾಯುಪಡೆಯ 110ನೆಯ ದಳಕ್ಕೆ ‘ಹೈದರಾಬಾದ್’ ಎಂಬ ಹೆಸರೇ ಅಂಟಿಕೊಂಡಿತು. ಆ ವಿಮಾನಗಳ ಮೈಮೇಲೆ ನಿಜಾಮರ ಕೊಡುಗೆ ಎಂಬ ಬರಹವೂ ಹೈದರಾಬಾದ್ ಎಂಬ ಹೆಸರೂ ಕ್ರಮಸಂಖ್ಯೆಯೂ ಇದ್ದವು. ಅವುಗಳಲ್ಲಿ ಒಂದು ಜರ್ಮನರ ಕೈಗೆ ಸಿಕ್ಕು, ಪೋಲೆಂಡಿನಲ್ಲಿ ಬಹುಕಾಲ ಇದ್ದು, ಇಂದು ಲಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿಯೂ 152 ಮತ್ತು 253ನೆಯ ದಳಗಳು ಹೈದರಾಬಾದಿನ ಹೆಸರು ಹೊತ್ತು ಹಾರಿದವು. ನಮ್ಮ ಹಿರಿಯರು ಪ್ರಜೆಗಳಾಗಿದ್ದ ಸಂಸ್ಥಾನದ ಹೆಸರು ಅವರು ಕಂಡೂ ಇರದ ಆಕಾಶದಲ್ಲಿ ಹಾರಾಡಿತು.

ಇತ್ತ ಮೈಸೂರು ಸಂಸ್ಥಾನದಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದರ ಸಾಹಸದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಯಿತು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿ ಜೋಡಣೆಯಾಗಿ ಹಾರಿತು. ಸಿಂಹಳದ ದಾಳಿಯಾದ ಕೆಲವೇ ತಿಂಗಳಲ್ಲಿ, 1942ರ ಜುಲೈನಲ್ಲಿ, ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. ಬಿಡಿಭಾಗ ತಂದು ಜೋಡಿಸುವ ಕೆಲಸದಿಂದಲೇ ನಮ್ಮ ವಿಮಾನೋದ್ಯಮ ಆರಂಭವಾಯಿತೆಂಬುದು ಗಮನಿಸಬೇಕಾದ ಸಂಗತಿ.

ಎಪ್ಪತ್ತೆರಡರಲ್ಲಿ ಒಂದು ಪಾಲು

ವಿಮಾನದ ಪುಟ್ಟ ಮಾದರಿಗಳು ಬರೀ ಆಟಿಕೆಗಳಾಗಿ ಹುಟ್ಟಿದವಲ್ಲ ಎಂದರೆ ಹಲವರಿಗೆ ಅಚ್ಚರಿಯಾದೀತು. 1936ರಲ್ಲಿಯೇ ಬ್ರಿಟನ್ನಿನಲ್ಲಿ ‘ಫ್ರಾಗ್ ಪೆಂಗ್ವಿನ್’ ಹೆಸರಿನ ಪ್ಲಾಸ್ಟಿಕ್ ಮಾದರಿಗಳು ಮಾರಾಟಕ್ಕೆ ಬಂದವು. ಅವುಗಳ ಅಳತೆ 72ರಲ್ಲಿ ಒಂದು ಪಾಲು. ಆರು ಅಡಿ ಒಂದು ಅಂಗುಲವಾಗುವ ಲೆಕ್ಕ. ಆರಡಿ ಆಳು ಒಂದಂಗುಲದ ಗೊಂಬೆಯಾಗುತ್ತಾನೆ; ಹನ್ನೆರಡು ಮೀಟರ್ ರೆಕ್ಕೆಯ ಜೀರೋ ಅಂಗೈಯಗಲ ಮೀರಿ ಹದಿನಾರೂವರೆ ಸೆಂಟಿಮೀಟರಿನಷ್ಟಾಗುತ್ತದೆ.

ಯುದ್ಧ ಬಂದಾಗ ಈ ಅಳತೆ ಸೈನ್ಯಕ್ಕೂ ಹಿಡಿಸಿತು. ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಕ್ಷಣದಲ್ಲಿ ಹೇಳಬೇಕಾದವರಿಗೆ ಮಾದರಿಗಳೇ ಪಾಠಪುಸ್ತಕವಾದವು. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸುವ ಯೋಜನೆ ಹಾಕಿತು. ಹತ್ತು ಮೀಟರ್ ದೂರದಲ್ಲಿ ಹಿಡಿದ ಮಾದರಿ, 720 ಮೀಟರ್ ದೂರದ ನಿಜವಾದ ವಿಮಾನದಷ್ಟೇ ಗಾತ್ರಕ್ಕೆ ಕಾಣುತ್ತದೆ. ಆ ಮಾದರಿಗಳಿಗೆಲ್ಲ ಹಚ್ಚಿದ್ದು ಒಂದೇ ಬಣ್ಣ, ಕಪ್ಪು. ಬೆಳಕಿಗೆ ಎದುರಾಗಿ ಹಾರುವ ವಿಮಾನ ನೆರಳಿನಂತೆ ಕಾಣುವುದರಿಂದ ಆಕಾರವನ್ನಷ್ಟೇ ಕಲಿತರೆ ಸಾಕಿತ್ತು.

ಅಂದಿನ ಮಕ್ಕಳಿಗೆ ಬೇಡವಾಗಿದ್ದ ಬಣ್ಣವೇ ಇಂದಿನ ಹವ್ಯಾಸಿಗಳಿಗೆ ದೊಡ್ಡ ಸಮಸ್ಯೆಯಾಗಿದೆ.

ಬೂದಿಯೋ, ಪಾಕದ ಬಣ್ಣವೋ?

ಬ್ರಿಟಿಷರ ಫುಲ್ಮಾರ್ ವಿಷಯದಲ್ಲಿ ಕಷ್ಟ ಕಡಿಮೆ. ಅವರ ನೌಕಾವಿಮಾನಗಳಿಗೆ ಲಿಖಿತ ನಿಯಮವಿತ್ತು: ಮೇಲ್ಭಾಗಕ್ಕೆ ಗಾಢ ಕಡಲ ಬೂದಿ ಮತ್ತು ಹಸಿರು ಮಿಶ್ರಿತ ಬೂದಿಯ ಪಟ್ಟೆಗಳು, ಕೆಳಭಾಗಕ್ಕೆ ತಿಳಿಹಸಿರು ಛಾಯೆಯ ಆಕಾಶದ ಬಣ್ಣ. ಮೇಲಿಂದ ನೋಡುವವನಿಗೆ ಕಡಲಿನಲ್ಲಿ, ಕೆಳಗಿಂದ ನೋಡುವವನಿಗೆ ಬಾನಿನಲ್ಲಿ ಕರಗಿಹೋಗಬೇಕೆಂಬುದು ಇದರ ಉದ್ದೇಶ. ಬಣ್ಣದ ಮಾದರಿ ತುಣುಕುಗಳೂ ಕಡತಗಳೂ ಉಳಿದಿವೆ. ಮೊಟ್ಟಮೊದಲ ಫುಲ್ಮಾರ್ ಇಂಗ್ಲೆಂಡಿನ ಯೋವಿಲ್ಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನಿಂತಿದೆ.

ಜೀರೋ ಕಥೆ ಹಾಗಲ್ಲ. ಸಿಂಹಳಕ್ಕೆ ಬಂದ ಐದು ವಿಮಾನವಾಹಕಗಳಲ್ಲಿ ಅಕಾಗಿ, ಸೋರ್ಯು, ಹಿರ್ಯು ಎರಡೇ ತಿಂಗಳಲ್ಲಿ, 1942ರ ಜೂನ್‌ನ ಮಿಡ್‌ವೇ ಕದನದಲ್ಲಿ, ವಿಮಾನಗಳ ಸಮೇತ ಪೆಸಿಫಿಕ್ ಸಾಗರದ ತಳ ಸೇರಿದವು. 1943ರಿಂದ ಜೀರೋಗಳ ಮೇಲ್ಭಾಗಕ್ಕೆ ಕಡು ಹಸಿರು ಹಚ್ಚತೊಡಗಿದ್ದರಿಂದ ಹಳೆಯ ಬಣ್ಣ ಕಣ್ಮರೆಯಾಯಿತು. 1945ರ ಆಗಸ್ಟ್‌ನಲ್ಲಿ ಸೋಲು ಒಪ್ಪಿಕೊಂಡಾಗ ಜಪಾನಿನ ಸೇನಾ ಕಚೇರಿಗಳಲ್ಲಿ ಕಾಗದಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಉಳಿದ ವಿಮಾನಗಳನ್ನು ಗೆದ್ದವರು ಗುಜರಿ ಮಾಡಿದರು. ಕಪ್ಪು–ಬಿಳುಪು ಚಿತ್ರಗಳಲ್ಲಿ ತಿಳಿಯಾದ ಮೈ ಕಾಣುತ್ತದೆಯೇ ಹೊರತು ಬಣ್ಣ ಕಾಣುವುದಿಲ್ಲ. ಹೀಗಾಗಿ ಬಹುಕಾಲ ಪುಸ್ತಕಗಳೂ ಪೆಟ್ಟಿಗೆಯ ಮೇಲಿನ ಚಿತ್ರಗಳೂ ಜೀರೋವನ್ನು ಬೆಳ್ಳಗೆ ಅಥವಾ ತಿಳಿಬೂದಿಯಾಗಿ ತೋರಿಸಿದವು.

ಸಂಶಯ ಹುಟ್ಟಿದ್ದು ತುಣುಕುಗಳಿಂದ. ಪರ್ಲ್ ಹಾರ್ಬರ್ ಮುಂತಾದ ಕಡೆ ಬಿದ್ದ ವಿಮಾನಗಳ ತಗಡಿನ ಚೂರುಗಳನ್ನು ಸೈನಿಕರು ನೆನಪಿಗೆಂದು ಎತ್ತಿಟ್ಟುಕೊಂಡಿದ್ದರು. ಸಂಶೋಧಕರು ಅವನ್ನು ಪರೀಕ್ಷಿಸಿದಾಗ ಮೇಲ್ಮೈ ಬೂದು. ಆದರೆ ಬಿಸಿಲು, ಗಾಳಿಗೆ ಸುಣ್ಣದಂತಾದ ಆ ಮೇಲ್ಪದರವನ್ನು ಮೆಲ್ಲಗೆ ಉಜ್ಜಿದರೆ ಕೆಳಗೆ ಹಸಿರು–ಕಂದು ಛಾಯೆಯ ಬೇರೊಂದು ಬಣ್ಣ. ಕೆಲವು ಚೂರುಗಳಲ್ಲಿ ಅದಕ್ಕೂ ಕೆಳಗೆ ಕೆಂಗಂದು ತಳಲೇಪ. ಸುಡದೆ ಉಳಿದ ಕಾಗದವೊಂದು ಇದಕ್ಕೆ ಸಾಕ್ಷಿ ನುಡಿಯಿತು. 1942ರ ಫೆಬ್ರುವರಿಯ ಜಪಾನಿ ನೌಕಾಪಡೆಯ ತಾಂತ್ರಿಕ ವರದಿಯೊಂದು, ಜೀರೋಗೆ ಆಗ ಬಳಸುತ್ತಿದ್ದ ಬಣ್ಣ ಹೊಳಪುಳ್ಳ ಬೂದಿ, ಆದರೆ ತುಸು ‘ಆಮೆ’ ಬಣ್ಣದ ಕಡೆಗೆ ವಾಲಿದ್ದು ಎಂದು ಹೇಳುತ್ತದೆ. ಇದು ನಮ್ಮ ಕೆರೆಯ ಆಮೆಯಲ್ಲ. ಜಪಾನಿ ಭಾಷೆಯಲ್ಲಿ ಆಮೆ ಎಂದರೆ ಧಾನ್ಯದ ಹಿಟ್ಟಿನಿಂದ ಕಾಯಿಸಿದ ಸಿಹಿ ಪಾಕ. ಆಲೆಮನೆಯಲ್ಲಿ ಕುದಿಯುವ ಪಾಕದ ಹೊಂಬಣ್ಣ ಬಲ್ಲ ನಮಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬೂದಿಗೆ ಆ ಪಾಕದ ಒಂದು ಹನಿ ಬೆರೆತಂತೆ.

ಆದರೂ ಚರ್ಚೆ ಪೂರ್ತಿ ಮುಗಿಯಲಿಲ್ಲ. ಮಿತ್ಸುಬಿಷಿಯ ಜೊತೆ ನಕಾಜಿಮಾ ಕಂಪನಿಯೂ ಜೀರೋಗಳನ್ನು ತಯಾರಿಸಿತ್ತು. ಎರಡು ಕಾರ್ಖಾನೆಗಳ ಕೆಲಸದಲ್ಲಿ ವ್ಯತ್ಯಾಸವಿತ್ತು. ಬಾಲ ಮತ್ತು ರೆಕ್ಕೆಯ ಅಂಚಿನ ಬಟ್ಟೆ ಹೊದಿಸಿದ ಭಾಗಗಳು ತಗಡಿನಂತೆ ಬಣ್ಣ ಹೀರುತ್ತಿರಲಿಲ್ಲ. ಒಂದೇ ವಿಮಾನದ ಮೈಯಲ್ಲಿ ಎರಡು ಛಾಯೆಗಳು ಕಾಣುತ್ತಿದ್ದುದೂ ಉಂಟು. ಬಣ್ಣವೆಂದರೆ ಡಬ್ಬಿಯ ಮೇಲಿನ ಒಂದು ಹೆಸರು ಮಾತ್ರವಲ್ಲ. ಅದು ಯಾವುದರ ಮೇಲೆ ಕೂತಿದೆ, ಎಷ್ಟು ಬಿಸಿಲು ಕಂಡಿದೆ ಎಂಬುದೂ ಹೌದು.

ಪ್ರಾಣಕ್ಕೆ ಕುತ್ತಾದ ಕೆಂಪು ಚುಕ್ಕೆ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿಗೆ ಒಂದು ಚುಕ್ಕೆಯ ಕಥೆ ಸಾಕು. ಜಪಾನಿ ವಿಮಾನಗಳ ಗುರುತು ಸೂರ್ಯನ ಕೆಂಪು ವೃತ್ತ. ಅಮೆರಿಕದ ವಿಮಾನಗಳ ಬಿಳಿ ನಕ್ಷತ್ರದ ನಡುವೆಯೂ ಬ್ರಿಟಿಷರ ವೃತ್ತದ ನಡುವೆಯೂ ಕೆಂಪು ಚುಕ್ಕೆಯಿತ್ತು. ಗಾಬರಿಯಲ್ಲಿ ಗುಂಡು ಹಾರಿಸುವ ಸೈನಿಕನ ಕಣ್ಣಿಗೆ ದೂರದಿಂದ ಕೆಂಪು ಎಂದರೆ ಶತ್ರು. ತಮ್ಮವರ ಗುಂಡಿಗೇ ತಮ್ಮವರು ಬಲಿಯಾಗುವ ಅಪಾಯ ಕಂಡು ಅಮೆರಿಕ 1942ರ ಮೇ ತಿಂಗಳಿನಲ್ಲಿ ಆ ಚುಕ್ಕೆಯನ್ನು ಅಳಿಸಿಹಾಕಿತು. ಭಾರತ–ಬರ್ಮಾ ರಂಗದಲ್ಲಿ 1943ರಿಂದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ವೃತ್ತದಿಂದಲೂ ಕೆಂಪು ಮಾಯವಾಗಿ ಕಡುನೀಲಿ, ತಿಳಿನೀಲಿಗಳಷ್ಟೇ ಉಳಿದವು. ಗಣರಾಜ್ಯವಾದ ಮೇಲೆ ನಮ್ಮ ವಾಯುಪಡೆಗೆ ಕೇಸರಿ, ಬಿಳಿ, ಹಸಿರಿನ ವೃತ್ತ ಬಂತು.

ಆದ್ದರಿಂದ ಏಪ್ರಿಲ್ 1942ರ ಫುಲ್ಮಾರ್ ಮಾದರಿಗೆ ಕೆಂಪು ಚುಕ್ಕೆ ಇಡಬೇಕು. 1944ರ ಬರ್ಮಾ ರಂಗದ ವಿಮಾನಕ್ಕೆ ಇಟ್ಟರೆ ಚರಿತ್ರೆ ತಪ್ಪುತ್ತದೆ. ಜಪಾನಿ ಮಾದರಿಯ ಹಿಂಬದಿಯ ಪಟ್ಟಿಯೂ ಹಾಗೆಯೇ. ಪರ್ಲ್ ಹಾರ್ಬರ್ ದಾಳಿಯ ಕಾಲದಲ್ಲಿ ಒಂದು ಕೆಂಪು ಪಟ್ಟಿಯೆಂದರೆ ಅಕಾಗಿ ಹಡಗು, ಒಂದು ನೀಲಿಯೆಂದರೆ ಸೋರ್ಯು, ಎರಡು ನೀಲಿಯೆಂದರೆ ಹಿರ್ಯು, ಒಂದು ಬಿಳಿಯೆಂದರೆ ಶೋಕಾಕು, ಎರಡು ಬಿಳಿಯೆಂದರೆ ಝುಯಿಕಾಕು. ಎರಡು ಮಿಲಿಮೀಟರ್ ಅಗಲದ ಒಂದು ಗೆರೆಯಿಂದ ಆ ವಿಮಾನ ಯಾವ ಹಡಗಿನದು ಎಂಬುದು ತಿಳಿಯುತ್ತದೆ.

ಕೈಕೆಲಸದ ಕ್ರಮ

ಇನ್ನು ಬಣ್ಣ ಹಚ್ಚುವ ರೀತಿ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿಗೆ ಜಿಡ್ಡು ಅಂಟಿರುವುದರಿಂದ ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಚಾಲಕ ಕೂರುವ ಒಳಭಾಗಕ್ಕೆ ಆಮೇಲೆ ಕುಂಚ ಹೋಗದು. ಹಾಗಾಗಿ ಮೈಯ ಎರಡು ಹೋಳುಗಳನ್ನು ಅಂಟಿಸುವ ಮುಂಚೆಯೇ ಅದರ ಬಣ್ಣ ಮುಗಿಯಬೇಕು. ಜೀರೋದಲ್ಲಿ ಆಸನದ ಸುತ್ತ ಹಸಿರು. ಚಕ್ರ ಮಡಚಿಕೊಳ್ಳುವ ಗೂಡಿನಂಥ ಒಳಭಾಗಗಳಿಗೆ ‘ಆವೊತಾಕೆ’ ಎಂಬ ಪಾರದರ್ಶಕ ನೀಲಿ–ಹಸಿರು ಅರಗಿನ ಲೇಪ. ಕಡಲಿನ ಉಪ್ಪಿನಿಂದ ತಗಡನ್ನು ಕಾಯುತ್ತಿದ್ದುದು ಅದೇ. ಬೆಳ್ಳಿಬಣ್ಣದ ಮೇಲೆ ತೆಳುವಾದ ನೀಲಿ–ಹಸಿರು ಹಚ್ಚಿ ಮಾದರಿಯಲ್ಲಿ ಆ ಕಾಂತಿ ತರುತ್ತಾರೆ. ಕೆಳಗೆ ಹೊಳಪು, ಮೇಲೆ ತೆಳು ಬಣ್ಣ: ಕಿನ್ನಾಳದವರಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಸಂದುಗಳಿಗೆ ಮೇಣದಂಥ ಪುಟ್ಟಿ, ಉಜ್ಜುಕಾಗದ, ಪ್ರೈಮರ್, ಮೈಬಣ್ಣ. ಬಣ್ಣ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು. ಇಲ್ಲಿ ಒಂದು ಲೆಕ್ಕ ನೋಡಿ. ಮಾದರಿಯ ಮೇಲೆ ಬಣ್ಣ ಕಾಗದದಷ್ಟು, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪವಾದರೆ, ನಿಜ ವಿಮಾನದ ಮೇಲೆ ಅದು ಏಳು ಮಿಲಿಮೀಟರಿಗೂ ಮಿಗಿಲಾದ ಗಿಲಾವು ಬಳಿದಂತೆ. ಅದಕ್ಕೆಂದೇ ಒಂದು ದಪ್ಪ ಬಳಿತದ ಬದಲು ಮೂರು ತೆಳು ಬಳಿತ. ಬಣ್ಣವನ್ನು ಒಂದಿಷ್ಟು ತಿಳಿಯಾಗಿಸಿ ಹಚ್ಚುವವರೂ ಇದ್ದಾರೆ. ದೂರದ ಗುಡ್ಡ ಮಬ್ಬಾಗಿ ಕಾಣುವಂತೆ ದೂರದ ವಿಮಾನದ ಬಣ್ಣವೂ ತಿಳಿಯಾಗಿ ಕಾಣುತ್ತದಾದ್ದರಿಂದ ಸಣ್ಣ ಮಾದರಿಗೆ ಅದೇ ಸರಿ ಎಂಬುದು ಅವರ ವಾದ. ಕೊನೆಗೆ ಇಂಜಿನ್ನಿನ ಮುಸುಕಿಗೆ ನೀಲಿ ಬೆರೆತ ಕಪ್ಪು, ನೀರಿನಲ್ಲಿ ನೆನೆಸಿ ಅಂಟಿಸುವ ಕೆಂಪು ವೃತ್ತಗಳು, ಎಲ್ಲಕ್ಕೂ ಮೇಲೆ ವಾರ್ನಿಷ್.

ಕ್ರಮ ಒಂದೇ ಆದರೂ ಗುರಿ ಬೇರೆ. ಯುದ್ಧವಿಮಾನದ ಬಣ್ಣ ಕಣ್ಣಿಗೆ ಬೀಳದಿರಲಿ ಎಂದು ಹಚ್ಚಿದ್ದು. ಕಿನ್ನಾಳದ ಬಣ್ಣ ಜಾತ್ರೆಯ ಜನಜಂಗುಳಿಯ ಆಚೆಯಿಂದಲೂ ಕಣ್ಣು ತುಂಬಲಿ ಎಂದು ಹಚ್ಚಿದ್ದು.

ಬರೆದಿಡದ ವಿದ್ಯೆ

ಫುಲ್ಮಾರ್‌ನ ಬಣ್ಣ ಉಳಿದದ್ದು ಯಾರೋ ಗುಮಾಸ್ತರು ಬರೆದಿಟ್ಟಿದ್ದರಿಂದ. ಅದಕ್ಕಿಂತ ಹದಿನೆಂಟು ಪಟ್ಟು ಹೆಚ್ಚು ತಯಾರಾದ ಜೀರೋದ ಬಣ್ಣ ಮಸುಕಾದದ್ದು ಬರೆದದ್ದನ್ನು ಸುಟ್ಟಿದ್ದರಿಂದ, ಬಲ್ಲವರು ಚದುರಿಹೋದುದರಿಂದ. ಅದನ್ನು ಮತ್ತೆ ಕಂಡುಕೊಳ್ಳಲು ಚೂರು ತಗಡುಗಳನ್ನು ಉಜ್ಜುತ್ತ ಕೂರಬೇಕಾಯಿತು. ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ ಎಂಬುದು ಇದರ ಪಾಠ.

ಕಿನ್ನಾಳದ ಕಲೆಗೆ 2012ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹೆಸರಿಗೆ ರಕ್ಷಣೆ ದೊರೆತದ್ದು ಒಳ್ಳೆಯದೇ. ಆದರೆ ಕಿಟ್ಟವನ್ನು ಯಾವ ಹದಕ್ಕೆ ಕಲಸಬೇಕು, ಕಲ್ಲುಪುಡಿ ಎಷ್ಟು ನಯವಾಗಬೇಕು, ಲಾಜವಾರಕ್ಕೆ ಎಷ್ಟು ಉಜ್ಜಬೇಕು ಎಂಬುದು ಪ್ರಮಾಣಪತ್ರದಿಂದ ಕೈಗೆ ಬರುವುದಿಲ್ಲ. ಅಂಗಡಿಯ ಸಿದ್ಧ ಬಣ್ಣಗಳು ಬಂದಿವೆ. ಅವನ್ನು ಬಳಸುವ ಕುಶಲಕರ್ಮಿಯನ್ನು ದೂರುವಂತಿಲ್ಲ. ದಿನಗೂಲಿಯ ಲೆಕ್ಕದಲ್ಲಿ ಗೊಂಬೆ ಮಾರುವವನಿಗೆ ವಾರಗಟ್ಟಲೆ ಒಣಗಿಸುವ ಪದರಗಳು ಭಾರವೇ. ನಾಳೆ ವಸ್ತುಸಂಗ್ರಹಾಲಯದಲ್ಲಿ ಯಾರೋ ಹಳೆಯ ಗರುಡನ ಚಕ್ಕೆ ಎಬ್ಬಿಸಿ, ಮೇಲೆ ಎಣ್ಣೆಬಣ್ಣ, ಕೆಳಗೆ ಕಲ್ಲುಪುಡಿ, ಅದರ ಕೆಳಗೆ ಬಟ್ಟೆ ಎಂದು ಪಟ್ಟಿ ಮಾಡುತ್ತ, ಇದನ್ನು ಹೇಗೆ ಮಾಡಿದ್ದರು ಎಂದು ತಲೆ ಕೆರೆದುಕೊಳ್ಳುವ ಸ್ಥಿತಿ ಬರಬಾರದು.

ಆ ಚಿತ್ರಗಾರರ ಮನೆಯ ಹಳೆಯ ಕಾಗದದ ನಕ್ಷೆಗಳನ್ನು ಇಲ್ಲಿ ನೆನೆಯಬೇಕು. ಹಂಪಿಯ ಚಿತ್ರಗಳಿಗೂ ಕಿನ್ನಾಳಕ್ಕೂ ಇರುವ ನಂಟಿಗೆ ಇಂದು ಆಧಾರವಾಗಿ ನಿಂತಿರುವುದು ಯಾರೋ ಜೋಪಾನ ಮಾಡಿದ ಆ ಕಾಗದಗಳು. ಗೆರೆಗಳಿಗೆ ಕಾಗದವಿತ್ತು. ಬಣ್ಣದಡಿಯ ಪದರಗಳಿಗೂ ಅಂಥ ಒಂದು ದಾಖಲೆ ಬೇಕು. ಬಲ್ಲ ಕೈಗಳು ಕೆಲಸ ಮಾಡುತ್ತಿರುವಾಗಲೇ, ಅವರ ಮಾತಿನಲ್ಲಿಯೇ, ಅಳತೆ–ಹದಗಳ ಸಮೇತ. ಶಾಲೆಗಳ ಮಕ್ಕಳೂ ಇದಕ್ಕೆ ಕೈಹಾಕಬಹುದು. ಯುದ್ಧಕಾಲದಲ್ಲಿ ಲಕ್ಷಗಟ್ಟಲೆ ವಿಮಾನ ಕೆತ್ತಲು ಮಕ್ಕಳನ್ನು ನಂಬಿದ್ದರೆಂದ ಮೇಲೆ, ಶಾಂತಿಕಾಲದಲ್ಲಿ ಒಂದು ಗರುಡನ ಹನ್ನೆರಡು ಭಾಗಗಳನ್ನು ಬರೆದಿಡಲು ನಮ್ಮ ಮಕ್ಕಳನ್ನು ನಂಬಬಾರದೇಕೆ?

ಗರುಡ ಎಂಬ ಹೆಸರು ನಮ್ಮ ನೌಕಾಪಡೆಗೂ ಪ್ರಿಯವಾದದ್ದು. 1953ರ ಮೇ 11ರಂದು ಕೊಚ್ಚಿಯಲ್ಲಿ ಆರಂಭವಾದ ಅದರ ಮೊದಲ ವಾಯುನೆಲೆಗೆ ಇಟ್ಟ ಹೆಸರು ‘ಐಎನ್‌ಎಸ್ ಗರುಡ’. ಫುಲ್ಮಾರ್‌ನ ಉತ್ತರಾಧಿಕಾರಿಯಾಗಿ ಅದೇ ಕಂಪನಿ ತಯಾರಿಸಿದ ಫೈರ್‌ಫ್ಲೈ ಎಂಬ ಎರಡು ಆಸ್ತನದ ವಿಮಾನವೊಂದು ಗೋವಾದ ನೌಕಾ ವಾಯುಯಾನ ವಸ್ತುಸಂಗ್ರಹಾಲಯದಲ್ಲಿದೆ. 1998ರಲ್ಲಿ ತೆರೆದ ಆ ಸಂಗ್ರಹಾಲಯ ಕೊಪ್ಪಳದವರಿಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟೇ ದೂರ. ಅಲ್ಲಿಗೆ ಹೋದವರು ಆ ವಿಮಾನದ ಬಣ್ಣವನ್ನು ನೋಡಿ ಬರಲಿ. ಹೋಗಲಾಗದವರಿಗೆ ಕಿನ್ನಾಳ ಬಸ್ಸಿನ ದಾರಿ. ಅಲ್ಲಿ ಗೊಂಬೆ ಕೊಳ್ಳುವಾಗ ಬೆಲೆ ಕೇಳುವ ಮುಂಚೆ, ಬಣ್ಣದ ಕೆಳಗೆ ಏನಿದೆ ಎಂದು ಒಂದು ಮಾತು ಕೇಳಿದರೆ ಸಾಕು. ಹೇಳುವವರು ಇನ್ನೂ ಇದ್ದಾರೆ.